ಸ್ವಭಾವಕ್ಕೂ ಒಂದು ರಿಪೋರ್ಟಾ?

ಕಳೆದ ಸಂಚಿಕೆಯ ಸಮಸ್ಯೆ: ನಾನು ಮೈಸೂರಿನಲ್ಲಿ ಶಾಲಾ ಶಿಕ್ಷಕಿ. ಗಂಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೀಮ್ ಲೀಡ್. ರಾತ್ರಿ ಎಂಟಕ್ಕೆ ಬಂದರೆ ಸೋಫಾ, ಮೊಬೈಲು, ಅಷ್ಟೇ. ಮಾತಾಡಿಸಿದರೆ ‘ಹೂಂ’ ಅನ್ನುತ್ತಾರೆ. ಮೊದಲೆಲ್ಲ ಹೀಗಿರಲಿಲ್ಲ. ಮೂರು ತಿಂಗಳ ಹಿಂದೆ ಆಫೀಸಿನಲ್ಲಿ ಅದೇನೋ ವ್ಯಕ್ತಿತ್ವ ಪರೀಕ್ಷೆ ಮಾಡಿದರಂತೆ. ನಾಲ್ಕು ಅಕ್ಷರದ ಫಲಿತಾಂಶ ಬಂತು, ಇವರು ಇಂಟ್ರೊವರ್ಟ್, ಅಂದರೆ ಅಂತರ್ಮುಖಿ ಅಂತೆ. ಅಂದಿನಿಂದ ಏನು ಕೇಳಿದರೂ ‘ನನ್ನ ಸ್ವಭಾವವೇ ಹಾಗೆ, ರಿಪೋರ್ಟಲ್ಲೇ ಇದೆ’ ಎಂಬ ಉತ್ತರ. ಏಳು ವರ್ಷದ ಮಗಳು ‘ಅಪ್ಪಂಗೆ ನನ್ ಮೇಲೆ ಕೋಪಾನಾ?’ ಎಂದು ಕೇಳುತ್ತಾಳೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ಸುಮ್ಮನಿದ್ದುಬಿಡಲೇ?

ಓದುಗರು ಬರೆದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಮನಃಶಾಸ್ತ್ರ ಉಪನ್ಯಾಸಕಿ, ಧಾರವಾಡ

ತಂಗಿ, ಆ ನಾಲ್ಕು ಅಕ್ಷರಕ್ಕೆ ಅಷ್ಟು ಬೆಲೆ ಕೊಡಬೇಡಿ. ಆಫೀಸುಗಳಲ್ಲಿ ನಾಲ್ಕಕ್ಷರ ಕೊಡುವ ಪರೀಕ್ಷೆ ಅಂದರೆ ಸಾಮಾನ್ಯವಾಗಿ ಮೈಯರ್ಸ್-ಬ್ರಿಗ್ಸ್, ಇಲ್ಲವೇ ಅದರ ನಕಲು. ಅದನ್ನು ರೂಪಿಸಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್. ಇಬ್ಬರೂ ಮನಃಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಅವರ ವಿಚಾರಗಳನ್ನು ಮೆಚ್ಚಿಕೊಂಡು, ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಪ್ರಶ್ನೆಪಟ್ಟಿ ಮಾಡಿದರು. ಅದು ಜಗತ್ತಿನ ಜನರನ್ನೆಲ್ಲ ಹದಿನಾರು ಡಬ್ಬಿಗಳಿಗೆ ತುಂಬುತ್ತದೆ. ಗೆರೆಯ ಈಚೆ ಒಂದು ಕೂದಲೆಳೆ ಇದ್ದವರು ಒಂದು ಡಬ್ಬಿ, ಆಚೆ ಇದ್ದವರು ಇನ್ನೊಂದು. ಹಾಗಾಗಿಯೇ ಕೆಲವು ವಾರ ಬಿಟ್ಟು ಮತ್ತೆ ಬರೆಸಿದರೆ ಎಷ್ಟೋ ಜನರಿಗೆ ಬೇರೆ ಅಕ್ಷರ ಬರುತ್ತದೆ. ಸಂಶೋಧಕರು ಹೆಚ್ಚಾಗಿ ನೆಚ್ಚುವುದು ‘ಬಿಗ್ ಫೈವ್’ ಎಂಬ ಬೇರೊಂದು ಅಳತೆಯನ್ನು. ಅದರಲ್ಲಿ ಐದು ಗುಣಗಳಿವೆ. ಒಂದೊಂದೂ ಶಾಲೆಯ ಅಡಿಪಟ್ಟಿ ಇದ್ದ ಹಾಗೆ. ಮಾತಿನ ವಿಷಯದಲ್ಲೂ ಬಹಳ ಜನ ಆ ಪಟ್ಟಿಯ ನಡುವೆ ಎಲ್ಲೋ ಇರುತ್ತಾರೆ.

ಗಾದೆಯ ಮಾತೂ ಅರ್ಧವೇ ನಿಜ. ಸ್ವಭಾವದಲ್ಲಿ ಹುಟ್ಟಿನ ಪಾಲು ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಕದಲದೇ ಇರುವಂಥದ್ದಲ್ಲ. 2019ರಲ್ಲಿ ನೇಥನ್ ಹಡ್ಸನ್ ಮತ್ತು ಸಂಗಡಿಗರು ಅಮೆರಿಕದ ಕಾಲೇಜು ಹುಡುಗ ಹುಡುಗಿಯರಿಗೆ 15 ವಾರ ಸಣ್ಣ ಸಣ್ಣ ಕೆಲಸ ಕೊಟ್ಟರು. ಜಾಸ್ತಿ ಬೆರೆಯುವವರಾಗಬೇಕು ಎಂದವರಿಗೆ, ಅಂಗಡಿಯವರಿಗೆ ನಮಸ್ಕಾರ ಹೇಳುವಂಥ ಕೆಲಸ. ಮಾಡಿದವರು ನಿಜಕ್ಕೂ ಸ್ವಲ್ಪ ಬದಲಾದರು. ಒಪ್ಪಿಕೊಂಡು ಮಾಡದೇ ಬಿಟ್ಟವರು ಇದ್ದಲ್ಲೇ ಇದ್ದರು. ನನ್ನ ಮೂವತ್ತು ವರ್ಷದ ಪಾಠಕ್ಕಿಂತ ಈ ಒಂದು ಅಧ್ಯಯನ ಜಾಸ್ತಿ ಹೇಳುತ್ತದೆ ಅನ್ನಿಸುತ್ತದೆ! ಒಂದು ಮಾತು ಮರೆಯಬೇಡಿ. ಬದಲಾಗಬೇಕು ಎಂದು ಅವರಿಗೇ ಅನ್ನಿಸಬೇಕು. ನೀವು ಅವರ ಪರವಾಗಿ ಹೋಮ್‌ವರ್ಕ್ ಮಾಡಲಾಗದು. ಟೀಚರ್ ಆದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಹೆಸರು ಬೇಡ, ಬೆಂಗಳೂರು

ಅಕ್ಕಾ, ನಿಮ್ಮ ಪತ್ರ ಓದಿ ನನ್ನ ಹೆಂಡತಿಯೇ ಬರೆದಳೇನೋ ಎಂದು ಗಾಬರಿಯಾಯಿತು. ನಮ್ಮ ಮನೆ ಮೈಸೂರಿನಲ್ಲಿಲ್ಲ, ಅದೊಂದೇ ಸಮಾಧಾನ.

ನಾನೂ ‘ಹೂಂ’ ಗಿರಾಕಿ. ಎರಡು ವರ್ಷದ ಹಿಂದೆ ಜಗಳ ಜಾಸ್ತಿಯಾಗಿ ಕೌನ್ಸೆಲರ್ ಹತ್ತಿರ ಹೋದೆವು. ಅವರು ಹೇಳಿದ ಒಂದು ಅಧ್ಯಯನ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದ ರೆನಾ ರೆಪೆಟ್ಟಿ ಎಂಬ ಸಂಶೋಧಕಿ ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ದಿನಚರಿ ನೋಡಿದರಂತೆ. ಅದು ಪ್ರಕಟವಾಗಿದ್ದು 1989ರಲ್ಲಿ. ಆಕಾಶದಲ್ಲಿ ವಿಮಾನ ಜಾಸ್ತಿ ಇದ್ದ ದಿನ ಅವರು ಮನೆಗೆ ಬಂದು ತಮ್ಮ ಪಾಡಿಗೆ ತಾವಿರುತ್ತಿದ್ದರು. ಮನೆಯವರು ಸ್ವಲ್ಪ ಹೊತ್ತು ಅವರನ್ನು ಹಾಗೇ ಬಿಟ್ಟರೆ ಸಿಟ್ಟು ಮಾಡುವುದೂ ಕಡಿಮೆಯಾಗುತ್ತಿತ್ತು. ಗಂಡಸರ ಸಬೂಬು ಇದು ಅಂದುಕೊಳ್ಳಬೇಡಿ. ರೆಪೆಟ್ಟಿಯವರೇ ಆಮೇಲೆ ಕೆಲಸಕ್ಕೆ ಹೋಗುವ ತಾಯಂದಿರನ್ನೂ ನೋಡಿದರು. ಸಂಜೆ ಡೇಕೇರ್‌ನಿಂದ ಮಕ್ಕಳನ್ನು ಕರೆದೊಯ್ಯಲು ಬಂದಾಗ, ಕೆಲಸದಲ್ಲಿ ಹೈರಾಣಾದ ದಿನ ಅವರೂ ಮಕ್ಕಳ ಜೊತೆ ಕಡಿಮೆ ಮಾತಾಡುತ್ತಿದ್ದರು.

ಅಂದರೆ ಅದು ಆ ದಿನದ ದಣಿವು. ನಿಮ್ಮವರದು ದಣಿವೋ ಸ್ವಭಾವವೋ ತಿಳಿಯಲು ರಿಪೋರ್ಟ್ ಬೇಕಿಲ್ಲ. ಈ ಸಲ ದಸರಾಕ್ಕೆ ನಾಲ್ಕು ದಿನ ರಜೆ ಹಾಕಿದರೆ, ಮೂರನೇ ದಿನ ಹೇಗಿರುತ್ತಾರೆ ನೋಡಿ. ನಾನು ಮೂರನೇ ದಿನಕ್ಕೆ ವಟವಟ ಶುರು ಮಾಡಿದ್ದೆ.

ಇನ್ನು ಮೊಬೈಲು. ಅದನ್ನು ಹಿಡಿದು ಕೂತರೆ ವಿಶ್ರಾಂತಿ ಎಂದು ನಾನೂ ನಂಬಿದ್ದೆ. ಆದರೆ ಅದರೊಳಗೇ ಆಫೀಸಿನ ಗ್ರೂಪ್ ಇರುತ್ತದಲ್ವಾ! ಜರ್ಮನಿಯ ಸಬೀನ್ ಸೊನ್ನೆನ್‌ಟಾಗ್ ಎಂಬವರು ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಮೈ ಮನೆಗೆ ಬಂದರೆ ಸಾಲದು, ಮನಸ್ಸೂ ಕೆಲಸ ಬಿಟ್ಟು ಬರಬೇಕು. ವಿಚಿತ್ರ ಏನೆಂದರೆ, ಯಾರಿಗೆ ಕೆಲಸದ ಒತ್ತಡ ಜಾಸ್ತಿಯೋ ಅವರಿಗೇ ಹಾಗೆ ಬಿಟ್ಟು ಬರುವುದು ಕಷ್ಟ. ನಮ್ಮನೆಯಲ್ಲಿ ಈಗ ಒಪ್ಪಂದ ಇದೆ. ಬಂದ ಕೂಡಲೇ ಅರ್ಧ ಗಂಟೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ. ಮೊಬೈಲು ಫ್ರಿಜ್ ಮೇಲೆ. ಸ್ನಾನ, ಕಾಫಿ. ಅಲ್ಲಿಂದ ಮಕ್ಕಳು ಮಲಗುವ ತನಕ ನಾನು ಮನೆಯವನು. ಮೊದಲ ವಾರ ಫ್ರಿಜ್ ಮೇಲೆ ಅದು ಗುಂಯ್ ಎಂದಾಗೆಲ್ಲ ಕೈ ಕೆರೆಯುತ್ತಿತ್ತು. ಈಗಲೂ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇರುವ ವಾರ ಒಪ್ಪಂದ ಮುರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಬಂದ ಪತ್ರಗಳೆಲ್ಲ ಅವರ ದಣಿವಿನ ಬಗ್ಗೆಯೇ ಇರುತ್ತವೆ, ನನಗೆ ಗೊತ್ತು. ನಿಮ್ಮ ದಣಿವು? ಐವತ್ತು ಮಕ್ಕಳ ಕ್ಲಾಸು ಮುಗಿಸಿ ಬಂದು ಅಡುಗೆ, ಮಗಳ ಹೋಮ್‌ವರ್ಕು, ನಾಳೆಯ ತಿಂಡಿಗೆ ರುಬ್ಬುವುದು. ಇಷ್ಟರ ಮೇಲೆ ಗಂಡನ ಮೂಡು ಕಾಯುವ ಕೆಲಸವೂ ನಿಮ್ಮದೇ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೇ ಕೊಡುತ್ತಾರೆ. ಗಂಡಸರು 88 ನಿಮಿಷ. ಆ 88 ಕೂಡ ನಮ್ಮನೆಗೆ ಬಂದಿಲ್ಲ, ಯಾರ ಮನೆಯದೋ! ನೀವೂ ಆ ಪರೀಕ್ಷೆ ಬರೆದು ‘ನನ್ನ ರಿಪೋರ್ಟಲ್ಲಿ ಪಾತ್ರೆ ತೊಳೆಯುವ ಗುಣ ಬಂದಿಲ್ಲ’ ಎಂದು ಹೇಳಿ ನೋಡಿ. ಮೌನವ್ರತ ಆ ಕ್ಷಣವೇ ಮುರಿಯುತ್ತದೆ. ತಮಾಷೆ ಬಿಡಿ. ಅವರಿಗೆ ಅರ್ಧ ಗಂಟೆ ಬೇಕಾದರೆ ಕೊಡಿ, ಆದರೆ ನಿಮ್ಮ ಅರ್ಧ ಗಂಟೆ ಯಾವಾಗ ಎಂದು ಅದೇ ದಿನ ಕೇಳಿಬಿಡಿ.

ವೈದ್ಯೆ, ಹಾಸನ

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ಮೊದಲೆಲ್ಲ ಹೀಗಿರಲಿಲ್ಲ’ ಎಂಬ ಮಾತಿನ ಮೇಲೆ. ಹುಟ್ಟಿನಿಂದ ಮಾತು ಕಡಿಮೆ ಇರುವುದು ಬೇರೆ, ಮಾತಾಡುತ್ತಿದ್ದವರು ಸುಮ್ಮನಾಗುವುದು ಬೇರೆ. ನಿದ್ದೆ, ಊಟ ಸರಿಯಿದೆಯೇ? ಮೊದಲು ಇಷ್ಟಪಡುತ್ತಿದ್ದ ಕ್ರಿಕೆಟ್ಟೋ ಸಿನಿಮಾವೋ ಈಗ ಬೇಡವಾಗಿದೆಯೇ? ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಖಿನ್ನತೆ ಇರಬಹುದು, ವೈದ್ಯರಿಗೆ ತೋರಿಸಿ. ಆಸ್ಪತ್ರೆ ಎಂದರೆ ಬರಲಾರರು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮೊದಲ ಕರೆಯನ್ನು ನೀವೇ ಮಾಡಬಹುದು.

ನಿಜವಾದ ಇಂಟ್ರೊವರ್ಟ್, ಉಡುಪಿ

ನಾನು ಮೊದಲಿನಿಂದಲೂ ಮಾತು ಕಡಿಮೆಯವನು. ಪರೀಕ್ಷೆ ಬರೆದಿಲ್ಲ, ಅಮ್ಮ ಹೇಳಿದ್ದು. ಆದರೆ ನನ್ನ ಮಗಳು ಒಮ್ಮೆಯೂ ಕೋಪಾನಾ ಎಂದು ಕೇಳಿಲ್ಲ. ಮಾತು ಕಡಿಮೆ ಎಂದರೆ ಮನೆಯಲ್ಲಿ ಇಲ್ಲದ ಹಾಗೆ ಇರುವುದು ಎಂದರ್ಥವೇ? ನಿಮ್ಮವರನ್ನು ಮಾತಿಗೆ ಎಳೆಯಬೇಡಿ ಅಕ್ಕಾ. ನೆಲದ ಮೇಲೆ ಚೌಕಾಬಾರದ ಮನೆ ಬರೆದು, ಕವಡೆ ಕೊಟ್ಟು ಮಗಳನ್ನು ಎದುರು ಕೂರಿಸಿ. ಅಷ್ಟಕ್ಕೆ ಮಾತು ಬೇಕಾಗುವುದಿಲ್ಲ. ನಮ್ಮ ಮನೆಯಲ್ಲಿ ದಿನಾ ಊಟದ ನಂತರ ಒಂದಾಟ. ಮಗಳೇ ಗೆಲ್ಲುತ್ತಾಳೆ. ಬೇಕಂತಲೇ ಸೋಲುತ್ತೇನೆ ಅಂದುಕೊಳ್ಳಬೇಡಿ, ಅವಳು ಕಾಯಿ ಕದ್ದು ನಡೆಸುತ್ತಾಳೆ.