‘ಹವ್ಯಾಸಿ ಕ್ರೀಡಾಶಾಲೆ’: ಚೀನೀ ಪದವೊಂದರ ಕನ್ನಡ ರೂಪದ ಬಗ್ಗೆ

ಚೀನಾದ ಕ್ರೀಡಾವ್ಯವಸ್ಥೆಯನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಬರುವ ‘ಯೆಯು ತಿಶ್ಯಾವೊ’ ಎಂಬ ಮಾತಿಗೆ ತಕ್ಕ ಕನ್ನಡ ಪದ ಯಾವುದೆಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಸೋವಿಯತ್ ಮಾದರಿಯನ್ನು ಅನುಸರಿಸಿ 1950ರ ದಶಕದ ನಡುಭಾಗದಲ್ಲಿ ಆರಂಭವಾದ ಈ ಶಾಲೆಗಳನ್ನು ‘ಹವ್ಯಾಸಿ ಕ್ರೀಡಾಶಾಲೆ’ ಎಂದು ಕರೆದುಬಿಡಬಹುದಾದರೂ, ಅದರಿಂದ ಓದುಗರು ದಾರಿ ತಪ್ಪಿಯಾರೆಂಬ ಅಳುಕು ನನಗಿದೆ.

ಮೂಲದಲ್ಲಿ ‘ಯೆ’ ಎಂದರೆ ಕಸುಬು ಅಥವಾ ವ್ಯಾಸಂಗ, ‘ಯು’ ಎಂದರೆ ಮಿಕ್ಕಿದ್ದು. ಪಾಠದಿಂದ ಮಿಕ್ಕ ಹೊತ್ತಿನಲ್ಲಿ ನಡೆಯುವ ಕ್ರೀಡಾಶಾಲೆ ಎಂಬುದು ಅಕ್ಷರಾರ್ಥ. ನಮ್ಮಲ್ಲಿಯಾದರೋ ‘ಹವ್ಯಾಸಿ’ ಎಂಬುದು ‘ವೃತ್ತಿ’ಗೆ ಎದುರಾದ ಪದ. ಹವ್ಯಾಸಿ ರಂಗಭೂಮಿ ಎಂದೊಡನೆ ತಮ್ಮ ಖುಷಿಗಾಗಿ ಬಣ್ಣ ಹಚ್ಚುವವರು ನೆನಪಾಗುತ್ತಾರೆ.

ಚೀನಾದ ಈ ಶಾಲೆಗಳು ವೃತ್ತಿಪರ ಕ್ರೀಡೆಯ ಮೊದಲ ಮೆಟ್ಟಿಲು. ತರಬೇತುದಾರರು ಪ್ರಾಥಮಿಕ ಶಾಲೆಗಳಿಗೇ ಹೋಗಿ, ಮಕ್ಕಳ ಎತ್ತರ, ಕೈಕಾಲಿನ ಉದ್ದ, ಮೈಯ ಬಾಗುವಿಕೆಗಳನ್ನು ನೋಡಿ ಆರಿಸುತ್ತಾರೆ. ಅಲ್ಲಿಂದ ಪ್ರಾಂತ್ಯದ ತಂಡ, ಅದರಾಚೆಗೆ ರಾಷ್ಟ್ರೀಯ ತಂಡ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಝಾನ್‌ಜಿಯಾಂಗ್ ಬಳಿಯ ಹಳ್ಳಿಯ ಹುಡುಗಿ ಚುವಾನ್ ಹಾಂಗ್‌ಚಾನ್ ಶಾಲೆಯ ಅಂಗಳದಲ್ಲಿ ನಮ್ಮ ಕುಂಟೆಬಿಲ್ಲೆಯಂಥ ಆಟವಾಡುತ್ತಿದ್ದಾಗ ಆಕೆಯ ನೆಗೆತ ತರಬೇತುದಾರರೊಬ್ಬರ ಕಣ್ಣಿಗೆ ಬಿದ್ದು, 2014ರಲ್ಲಿ ನಗರದ ಕ್ರೀಡಾಶಾಲೆಗೆ ಸೇರಿದಳು. 2018ರಲ್ಲಿ ಪ್ರಾಂತ್ಯದ ತಂಡಕ್ಕೆ ಏರಿ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತನ್ನ 14ನೇ ವಯಸ್ಸಿಗೇ, 10 ಮೀಟರ್ ಎತ್ತರದ ಡೈವಿಂಗ್‌ನಲ್ಲಿ 466.20 ಅಂಕ ಗಳಿಸಿ ಚಿನ್ನ ಗೆದ್ದಳು. ಇಂಥ ಮಗುವಿನ ದುಡಿಮೆಯನ್ನು ಹವ್ಯಾಸವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

‘ಅರೆಕಾಲಿಕ ಕ್ರೀಡಾಶಾಲೆ’ ಎಂದರೆ ಅರೆಕಾಲಿಕ ಉಪನ್ಯಾಸಕರ ನೆನಪು ಬಂದು ಅರ್ಥ ಬೇರೆಡೆಗೆ ಹೊರಳುತ್ತದೆ. ‘ಬಿಡುವೇಳೆಯ ಕ್ರೀಡಾಶಾಲೆ’ ಮೂಲಕ್ಕೆ ಹತ್ತಿರವಾಗಿದ್ದರೂ, ದಿನವೂ ಗಂಟೆಗಟ್ಟಲೆ ಮೈ ದಣಿಸುವ ಮಕ್ಕಳ ವಿಷಯದಲ್ಲಿ ‘ಬಿಡುವು’ ಎಂಬ ಮಾತು ಹಗುರವಾಗಿ ಕೇಳುತ್ತದೆ. ನಮ್ಮ ‘ಸಂಜೆ ಕಾಲೇಜಿ’ನ ಜಾಡಿನಲ್ಲಿ ‘ಸಂಜೆ ಕ್ರೀಡಾಶಾಲೆ’ ಎನ್ನಬಹುದೆಂದು ತೋರುತ್ತದೆ. ಆದರೆ ಇಂಥ ಶಾಲೆಗಳಲ್ಲಿ ಹಲವು, ಮಕ್ಕಳು ಅಲ್ಲೇ ಉಳಿದು ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಅಭ್ಯಾಸ ಎಂದು ದಿನ ಕಳೆಯುವ ವಸತಿ ಶಾಲೆಗಳಾಗಿವೆ. ಅವುಗಳಿಗೆ ಕರ್ನಾಟಕದಲ್ಲಿ ಈಗಾಗಲೇ ಬಳಕೆಯಲ್ಲಿರುವ ‘ಕ್ರೀಡಾ ವಸತಿ ಶಾಲೆ’ ಎಂಬ ಹೆಸರು ಹೊಂದೀತು. ಆಗ ‘ಯೆಯು’ ಎಂಬ ಅಂಶವೇ ಬಿಟ್ಟುಹೋಗುತ್ತದೆಂಬುದು ತೊಡಕು.

ಜೊತೆಗೆ ಇನ್ನೊಂದು ಪದ: ಒಲಿಂಪಿಕ್ ಪದಕಕ್ಕಾಗಿ ದೇಶದ ಸಂಪನ್ಮೂಲವನ್ನೆಲ್ಲ ಒಗ್ಗೂಡಿಸುವ ಏರ್ಪಾಟನ್ನು ಚೀನೀಯರು ‘ಜುಗುವೊ ತಿಝಿ’ ಎನ್ನುತ್ತಾರೆ. ‘ಸರ್ವರಾಷ್ಟ್ರ ವ್ಯವಸ್ಥೆ’ ಎಂದರೆ ಹಲವು ರಾಷ್ಟ್ರಗಳ ಕೂಟವೆಂದು ಓದಿಕೊಳ್ಳುವ ಅಪಾಯವಿರುವುದರಿಂದ, ಸದ್ಯಕ್ಕೆ ‘ಇಡೀ ದೇಶ ತೊಡಗುವ ವ್ಯವಸ್ಥೆ’ ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಅಡಕವಾದ ರೂಪವನ್ನು, ‘ಯೆಯು ತಿಶ್ಯಾವೊ’ಗೆ ‘ಸಂಜೆ ಕ್ರೀಡಾಶಾಲೆ’ ಸಲ್ಲುತ್ತದೆಯೇ ಎಂಬ ಅಭಿಪ್ರಾಯವನ್ನು ತಿಳಿದವರು ದಯವಿಟ್ಟು ಬರೆಯಬೇಕು.