ವಿಶ್ವಕಪ್ ಫುಟ್ಬಾಲ್ 2026: ಶಾಲೆಯ ಗೋಡೆಗೆ ವೇಳಾಪಟ್ಟಿ ಬರೆಯುವುದು ಹೇಗೆ?

ಸೇಡಂ ಶಿಕ್ಷಕ (ಪ್ರಶ್ನೆ)

ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. 2022ರ ಡಿಸೆಂಬರ್ 18ರಂದು ಕತಾರ್‌ನಲ್ಲಿ ನಡೆದ ಫೈನಲ್ ನಮಗೆ ರಾತ್ರಿ 8.30ಕ್ಕೇ ಆರಂಭವಾಗಿದ್ದರಿಂದ, ನಮ್ಮ ಓಣಿಯ ಮಕ್ಕಳೆಲ್ಲ ಒಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ಅದನ್ನು ನೋಡಿದ್ದರು. ಅರ್ಜೆಂಟೀನಾ ಪೆನಾಲ್ಟಿಯಲ್ಲಿ ಗೆದ್ದ ಮರುದಿನ ಶಾಲೆಯ ಅಂಗಳದಲ್ಲಿ ಎರಡು ಇಟ್ಟಿಗೆಗಳ ನಡುವೆ ಗೋಲುಪೆಟ್ಟಿಗೆ ಸಿದ್ಧವಾಗಿತ್ತು. ಆ ಉತ್ಸಾಹ ಈ ಸಲವೂ ಉಳಿಯಬೇಕೆಂಬುದು ನನ್ನ ಆಸೆ. ಪಂದ್ಯಾವಳಿಯ ವೇಳಾಪಟ್ಟಿಯನ್ನು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಲು ಹೊರಟೆ. ಆದರೆ 48 ತಂಡಗಳು ಮತ್ತು 104 ಪಂದ್ಯಗಳನ್ನು ಕಂಡು ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯಲಿಲ್ಲ. ಮೂರನೆಯ ಸ್ಥಾನ ಪಡೆದ ತಂಡವೂ ಮುಂದಿನ ಸುತ್ತಿಗೆ ಹೋಗಬಹುದು ಎನ್ನುತ್ತಾರೆ, ಅದು ಹೇಗೆ? ನಿದ್ದೆಗೆಡದೆ ಮಕ್ಕಳು ನೋಡಬಹುದಾದ ಪಂದ್ಯಗಳು ಯಾವುವು? ತಿಳಿದವರು ದಯವಿಟ್ಟು ವಿವರಿಸಬೇಕು.

ಕೋಟೆಯೂರು, ಬೀದರ್

ಸರ್, ಮೊದಲು ದಿನಾಂಕದ ಮಾತು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲಿಯೇ. ಪಂದ್ಯಾವಳಿ ನಡೆಯುವುದು ಅಮೆರಿಕ, ಕೆನಡಾ ಮತ್ತು ಮೆಕ್ಸಿಕೋಗಳ 16 ನಗರಗಳಲ್ಲಿ. ನಮ್ಮ ಗಡಿಯಾರ ನ್ಯೂಯಾರ್ಕ್‌ಗಿಂತ ಒಂಬತ್ತೂವರೆ ಗಂಟೆ, ಮೆಕ್ಸಿಕೋ ನಗರಕ್ಕಿಂತ ಹನ್ನೊಂದೂವರೆ ಗಂಟೆ, ಲಾಸ್ ಏಂಜಲಿಸ್‌ಗಿಂತ ಹನ್ನೆರಡೂವರೆ ಗಂಟೆ ಮುಂದಿರುತ್ತದೆ. ಹೀಗಾಗಿ ಅಲ್ಲಿ ಜೂನ್ 11ರ ಮಧ್ಯಾಹ್ನ ಆರಂಭವಾಗುವ ಮೆಕ್ಸಿಕೋ–ದಕ್ಷಿಣ ಆಫ್ರಿಕಾ ಉದ್ಘಾಟನಾ ಪಂದ್ಯ ನಮಗೆ ಜೂನ್ 12ರ ಶುಕ್ರವಾರ ನಸುಕಿನ 12.30ಕ್ಕೆ ಬರುತ್ತದೆ. ಜುಲೈ 19ರ ಫೈನಲ್ ಕೂಡ ನಮ್ಮ ಲೆಕ್ಕದಲ್ಲಿ ಜುಲೈ 20ರ ಸೋಮವಾರದ್ದು, ವೇಳೆ ಅದೇ 12.30. ಆದ್ದರಿಂದ ತಮ್ಮ ಹಾಳೆಯಲ್ಲಿ ಅಲ್ಲಿನ ದಿನಾಂಕಕ್ಕೆ ಜಾಗವನ್ನೇ ಕೊಡಬೇಡಿರಿ. ನಮ್ಮ ದಿನಾಂಕ ಮತ್ತು ನಮ್ಮ ವೇಳೆಯನ್ನು ಮಾತ್ರ ಬರೆಯಿರಿ. ನಡುರಾತ್ರಿಯ ಪಂದ್ಯಗಳ ಎದುರು ‘ಗುರುವಾರ ಮಲಗುವ ಹೊತ್ತು’ ಎಂಬಂತೆ ಸೇರಿಸಿದರೆ ಮಕ್ಕಳು ಒಂದು ದಿನ ತಡವಾಗಿ ಟಿವಿ ಹಾಕುವ ಪ್ರಮೇಯ ಬರುವುದಿಲ್ಲ.

ಇನ್ನು ಸ್ವರೂಪದ ವಿಷಯ. ತಲಾ ನಾಲ್ಕು ತಂಡಗಳ 12 ಗುಂಪುಗಳಿವೆ. ಪ್ರತಿ ಗುಂಪಿನ ಮೊದಲ ಎರಡು ತಂಡಗಳು ಸೇರಿ 24 ಆಗುತ್ತವೆ. ಅವುಗಳ ಜೊತೆಗೆ ಮೂರನೆಯ ಸ್ಥಾನ ಪಡೆದ 12 ತಂಡಗಳಲ್ಲಿ ಉತ್ತಮವಾದ ಎಂಟು ಸೇರಿ 32ರ ಸುತ್ತು ಏರ್ಪಡುತ್ತದೆ. ಆ ಎಂಟನ್ನು ಆರಿಸುವಾಗ ಮೊದಲು ಅಂಕ, ಅದು ಸಮವಾದರೆ ಗೋಲುಗಳ ಅಂತರ, ಅದೂ ಸಮವಾದರೆ ಹೊಡೆದ ಗೋಲುಗಳ ಸಂಖ್ಯೆಯನ್ನು ನೋಡುತ್ತಾರೆ. ಗೋಲುಗಳ ಅಂತರವೆಂದರೆ ನಮ್ಮ ಕ್ರಿಕೆಟ್‌ನ ನೆಟ್ ರನ್ ರೇಟ್ ಮಾಡುವ ಕೆಲಸವನ್ನೇ ಮಾಡುವ ಲೆಕ್ಕ, ಆದರೆ ಇದನ್ನು ಬೆರಳಲ್ಲಿ ಎಣಿಸಬಹುದು. ಇದೇ ಬಗೆಯ ನಿಯಮವಿದ್ದ 2016ರ ಯೂರೋ ಕಪ್ಪಿನಲ್ಲಿ ಉತ್ತರ ಐರ್ಲೆಂಡ್, ಟರ್ಕಿ ಮತ್ತು ಅಲ್ಬೇನಿಯಾ ಮೂರೂ ಮೂರು ಅಂಕ ಪಡೆದು ಮೂರನೆಯ ಸ್ಥಾನದಲ್ಲಿದ್ದವು. ಅಂತರ ಸೊನ್ನೆಯಿದ್ದ ಉತ್ತರ ಐರ್ಲೆಂಡ್ ಮುಂದೆ ಹೋಯಿತು, ಎರಡು ಗೋಲುಗಳ ಕೊರತೆಯಿದ್ದ ಉಳಿದೆರಡು ತಂಡಗಳು ಊರಿಗೆ ಮರಳಿದವು. ಅದೇ ಪಂದ್ಯಾವಳಿಯಲ್ಲಿ ಗುಂಪಿನ ಮೂರೂ ಪಂದ್ಯಗಳನ್ನು ಡ್ರಾ ಮಾಡಿಕೊಂಡು ಮೂರನೆಯದಾಗಿ ತೇರ್ಗಡೆಯಾದ ಪೋರ್ಚುಗಲ್ ಕೊನೆಗೆ ಕಪ್ಪನ್ನೇ ಗೆದ್ದಿತು. ಸೋಲುತ್ತಿರುವ ತಂಡವೊಂದು ಕೊನೆಯ ನಿಮಿಷದಲ್ಲಿ ಇನ್ನೊಂದು ಗೋಲು ಬಿಟ್ಟುಕೊಡದಿರಲು ಏಕೆ ಅಷ್ಟು ಹೆಣಗುತ್ತದೆ ಎಂಬುದನ್ನು ಗಣಿತದ ತರಗತಿಯಲ್ಲಿಯೇ ತಾವು ತೋರಿಸಬಹುದು.

ಭೀಮಾತೀರ, ಯಾದಗಿರಿ

ಗುರುಗಳೇ, 104ರ ಬೆನ್ನು ಹತ್ತಬೇಡಿರಿ, ಒಂದೇ ಗುಂಪನ್ನು ಹಿಡಿದುಕೊಳ್ಳಿರಿ ಎಂಬುದು ನನ್ನ ಸಲಹೆ. ನಾನು ಆರಿಸುವುದಾದರೆ ಅರ್ಜೆಂಟೀನಾ, ಆಲ್ಜೀರಿಯಾ, ಆಸ್ಟ್ರಿಯಾ ಮತ್ತು ಜೋರ್ಡಾನ್ ಇರುವ ಜೆ ಗುಂಪು. ಹಾಲಿ ಚಾಂಪಿಯನ್ ತಂಡದ ಮೂರು ಪಂದ್ಯಗಳ ವೇಳೆ ಶಾಲೆಯ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ: ಆಲ್ಜೀರಿಯಾ ವಿರುದ್ಧ ಜೂನ್ 17ರ ಬುಧವಾರ ಬೆಳಿಗ್ಗೆ 6.30, ಆಸ್ಟ್ರಿಯಾ ವಿರುದ್ಧ ಜೂನ್ 22ರ ಸೋಮವಾರ ರಾತ್ರಿ 10.30, ಜೋರ್ಡಾನ್ ವಿರುದ್ಧ ಜೂನ್ 28ರ ಭಾನುವಾರ ಬೆಳಿಗ್ಗೆ 7.30. ಬ್ರೆಜಿಲ್–ಮೊರಾಕ್ಕೊ ಪಂದ್ಯ ನಸುಕಿನ 3.30ಕ್ಕೆ ಬರುವುದರಿಂದ ಅದನ್ನು ದೊಡ್ಡವರಿಗೆ ಬಿಡುವುದು ಒಳಿತು.

ಈ ಗುಂಪಿಗೆ ಒಂದು ಹಳೆಯ ಗಾಯವೂ ಇದೆ. 1982ರಲ್ಲಿ ಆಲ್ಜೀರಿಯಾ ತನ್ನ ಮೊದಲ ವಿಶ್ವಕಪ್ ಪಂದ್ಯದಲ್ಲಿಯೇ ಪಶ್ಚಿಮ ಜರ್ಮನಿಯನ್ನು 2–1ರಿಂದ ಸೋಲಿಸಿತ್ತು, ಚಿಲಿಯನ್ನೂ ಗೆದ್ದಿತ್ತು. ಆದರೆ ಗುಂಪಿನ ಕೊನೆಯ ಪಂದ್ಯ ಮರುದಿನ ಸ್ಪೇನ್‌ನ ಹಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾಗಳ ನಡುವೆ ಉಳಿದಿತ್ತು, ಜರ್ಮನಿ ಒಂದು ಅಥವಾ ಎರಡು ಗೋಲುಗಳಿಂದ ಗೆದ್ದರೆ ಇಬ್ಬರೂ ಮುಂದೆ ಹೋಗುವುದು ಖಚಿತವಾಗಿತ್ತು. ಹತ್ತನೆಯ ನಿಮಿಷದಲ್ಲಿ ಜರ್ಮನಿ ಗೋಲು ಹೊಡೆಯಿತು. ಆಮೇಲೆ ಎರಡೂ ಕಡೆಯವರು ಚೆಂಡನ್ನು ತಮ್ಮ ತಮ್ಮಲ್ಲೇ ದಾಟಿಸುತ್ತ ಹೊತ್ತು ಕಳೆದರು, ಎರಡು ಪಂದ್ಯ ಗೆದ್ದ ಆಲ್ಜೀರಿಯಾ ಹೊರಬಿತ್ತು. ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ 1986ರಿಂದ ಬಂದದ್ದು ಈ ಅನ್ಯಾಯದ ಕಾರಣದಿಂದಲೇ. ಈಗ ಅದೇ ಆಲ್ಜೀರಿಯಾ ಮತ್ತು ಅದೇ ಆಸ್ಟ್ರಿಯಾ ತಮ್ಮ ಗುಂಪಿನ ಕೊನೆಯ ಪಂದ್ಯದಲ್ಲಿ ಎದುರುಬದುರಾಗುತ್ತಿವೆ, ಅದೂ ಆ ಭಾನುವಾರ ಬೆಳಿಗ್ಗೆ 7.30ಕ್ಕೇ. ಅಷ್ಟರಲ್ಲಿ ಬೇರೆ ಗುಂಪುಗಳ ಮೂರನೆಯ ತಂಡಗಳ ಲೆಕ್ಕ ಬಹುಮಟ್ಟಿಗೆ ಮುಗಿದಿರುವುದರಿಂದ, ಕೊನೆಗೆ ಆಡುವವರಿಗೆ ತಮಗೆಷ್ಟು ಅಂಕ ಸಾಕೆಂಬುದು ಮೊದಲೇ ತಿಳಿದಿರುತ್ತದೆ. ಈ ಹೊಸ ಸ್ವರೂಪದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ಅದೊಂದೇ.

ಕೋಟೆಯೂರು, ಬೀದರ್

ಭೀಮಾತೀರದವರ ಮಾತಿಗೆ ನನ್ನದೊಂದು ಸೇರ್ಪಡೆ. ಕ್ಯುರಸಾವೊ, ಕೇಪ್ ವರ್ಡ್, ಜೋರ್ಡಾನ್ ಮತ್ತು ಉಜ್ಬೇಕಿಸ್ತಾನ ಮೊದಲ ಬಾರಿಗೆ ವಿಶ್ವಕಪ್ ಆಡುತ್ತಿವೆ. ಕ್ಯುರಸಾವೊ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ನಮ್ಮ ಬೀದರ್ ನಗರವೊಂದೇ 2011ರ ಗಣತಿಯಲ್ಲಿ ಎರಡು ಲಕ್ಷ ದಾಟಿತ್ತು. ಕೇಪ್ ವರ್ಡ್‌ನಲ್ಲಿ ಇರುವವರೆಲ್ಲ ಸೇರಿದರೆ ಹೆಚ್ಚುಕಡಿಮೆ ಕಲಬುರಗಿ ನಗರದಷ್ಟು. ಇಷ್ಟು ಚಿಕ್ಕ ಕ್ಯುರಸಾವೊ ಜೂನ್ 14ರ ಭಾನುವಾರ ರಾತ್ರಿ 10.30ಕ್ಕೆ ನಾಲ್ಕು ಬಾರಿಯ ವಿಜೇತ ಜರ್ಮನಿಯ ಎದುರು ನಿಲ್ಲುತ್ತದೆ, ಮರುದಿನ ರಾತ್ರಿ 9.30ಕ್ಕೆ ಕೇಪ್ ವರ್ಡ್ ಸ್ಪೇನ್ ಎದುರು ನಿಲ್ಲುತ್ತದೆ. ಇವೆರಡನ್ನೂ ಹಾಳೆಯ ಮೇಲ್ಭಾಗದಲ್ಲಿಯೇ ಬರೆಯಿರಿ. ಆ ಹೊತ್ತಿಗೆ ಮೃಗಶಿರಾ ಮಳೆ ಹಿಡಿದು ಕರೆಂಟು ಹೋಗಿ ಬಂದು ಮಾಡುತ್ತಿರುತ್ತದೆ, ಆದುದರಿಂದ ಮೊಬೈಲನ್ನು ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಸೇಡಂ ಶಿಕ್ಷಕ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಳೆಯಲ್ಲಿ ಜೆ ಗುಂಪಿನ ಆರು ಪಂದ್ಯಗಳು ಮತ್ತು ಆ ಎರಡು ಚಿಕ್ಕ ದೇಶಗಳ ಮೊದಲ ಪಂದ್ಯಗಳು ಇರುತ್ತವೆ. ಕೆಳಗೆ ಮೂರನೆಯ ಸ್ಥಾನದ ತಂಡಗಳಿಗಾಗಿ 12 ಖಾಲಿ ಸಾಲುಗಳನ್ನು ಬಿಟ್ಟಿದ್ದೇನೆ, ಗೋಲುಗಳ ಅಂತರವನ್ನು ಮಕ್ಕಳೇ ಪ್ರತಿದಿನ ಪೆನ್ಸಿಲ್‌ನಲ್ಲಿ ತುಂಬುತ್ತಾರೆ. ಜೂನ್ 28ರ ಬೆಳಿಗ್ಗೆ ಎರಡು ಪಂದ್ಯಗಳಲ್ಲಿ ಯಾವುದನ್ನು ಹಾಕಬೇಕೆಂದು ಒಂಬತ್ತನೆಯ ತರಗತಿಯವರನ್ನು ಕೇಳಿದೆ. ಎಲ್ಲರೂ ಅರ್ಜೆಂಟೀನಾ ಎಂದು ಕೂಗಿದರು. ಹಿಹೋನ್ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಮತ್ತೊಮ್ಮೆ ಕೇಳಿದಾಗ ಅರ್ಧ ತರಗತಿ ಆಲ್ಜೀರಿಯಾದ ಕಡೆಗೆ ಕೈ ಎತ್ತಿತು. ಟಿವಿಯಲ್ಲಿ ಒಂದು, ಮೊಬೈಲಿನಲ್ಲಿ ಒಂದು ಎಂದು ತೀರ್ಮಾನವಾಗಿದೆ.