‘ಕ್ವೈರಿ’ಗೆ ಕನ್ನಡ ಬೇಕು, ಸಂಜೆಯೊಳಗೆ

ದಾವಣಗೆರೆಯಿಂದ: ಇಲ್ಲಿನ ವೈದ್ಯಕೀಯ ಕಾಲೇಜೊಂದರ ಲೈಬ್ರರಿಯಲ್ಲಿ ಪಿ.ಜಿ. ಹುಡುಗರಿಗೆ ಪಬ್‌ಮೆಡ್ (ವೈದ್ಯಕೀಯ ಲೇಖನ ಹುಡುಕುವ ಜಾಲತಾಣ) ತರಬೇತಿ. ಬ್ಯಾನರ್ ಸಂಜೆ ಪ್ರಿಂಟಿಗೆ ಹೋಗಬೇಕು. ‘ಶೋಧಪ್ರಶ್ನೆ ತಿದ್ದುವ ಬಗೆ’ ಎಂದು ಬರೆದಿದ್ದೆ, ಡಾಕ್ಟರೊಬ್ಬರು ತಡೆದರು. ‘ಜಗಳೂರು ಕಡೆ ಬೋರ್‌ವೆಲ್ ನೀರು ಕುಡಿದ ಮಕ್ಕಳ ಹಲ್ಲಿನ ಕಲೆಗೆ ಯಾವ ಚಿಕಿತ್ಸೆ ವಾಸಿ?’ ಇದು ಪ್ರಶ್ನೆ. ಇದನ್ನೇ ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿದರೆ ಬೇಕಾದದ್ದು ಸಿಗುವುದು ಕಷ್ಟ. ಫ್ಲೋರೋಸಿಸ್, ಹಲ್ಲು, ಮಗು ಎಂದು ಒಡೆದು, ಒಂದೊಂದರ ಸಮಾನಪದಗಳನ್ನು ‘ಆರ್’ನಿಂದ ಕೂಡಿಸಿ ಕಂಸದಲ್ಲಿಟ್ಟು, ಕಂಸಗಳನ್ನು ‘ಆ್ಯಂಡ್’ನಿಂದ ಹೆಣೆದರೆ ಕ್ವೈರಿ. ಎರಡಕ್ಕೂ ‘ಪ್ರಶ್ನೆ’ ಅಂದರೆ ಪಾಠವೇ ಕೆಟ್ಟಿತು. ಬೇರೆ ಪದ ಹೇಳಿ.

ಹರಿಹರದಿಂದ: ಹುಡುಕುನುಡಿ. ಮುಗಿಯಿತು. ‘ಶೋಧ’ದ ಧಾತು ಶುಧ್, ಅಂದರೆ ಶುದ್ಧಿಯಾಗುವುದು. ಹುಡುಕಾಟಕ್ಕೂ ಅದಕ್ಕೂ ಏನು ನಂಟು?

ಚಿತ್ರದುರ್ಗದಿಂದ: ನಂಟಿದೆ ಸ್ವಾಮಿ. ನಿಮ್ಮ ಪಕ್ಕದ ಊರಿನ ಮಂಡಕ್ಕಿ ಭಟ್ಟಿಗೆ ಹೋಗಿ ನೋಡಿ. ಕಾದ ಮರಳಲ್ಲಿ ಹುರಿದು ಜರಡಿ ಹಿಡಿದ ಮೇಲೇ ಮಂಡಕ್ಕಿ ಸಿಗುವುದು. ಕಣ್ಣು ತೀರಾ ಸಣ್ಣದಾದರೆ ಮರಳೂ ಉಳಿಯುತ್ತದೆ, ದೊಡ್ಡದಾದರೆ ಮಂಡಕ್ಕಿಯೂ ಉದುರುತ್ತದೆ. ‘ಆರ್’ ಸುರಿದರೆ ಮೊದಲನೆಯ ಪಾಡು, ‘ಆ್ಯಂಡ್’ ಪೇರಿಸಿದರೆ ಎರಡನೆಯದು. ‘ನಾಟ್’ ಅಂತೂ ಇನ್ನೂ ಅಪಾಯ: ದೊಡ್ಡವರು ಬೇಡವೆಂದು ಹಾಕಿದರೆ, ದೊಡ್ಡವರು ಮಕ್ಕಳು ಇಬ್ಬರನ್ನೂ ನೋಡಿ ಬರೆದ ಲೇಖನವೂ ಹೋಯಿತು. ಶುದ್ಧಿ ಮಾಡುವುದೇ ಕೆಲಸ ಅಂದಮೇಲೆ ‘ಶೋಧಸೂತ್ರ’ ಅನ್ನಿ.

ದಾವಣಗೆರೆಯಿಂದ: ‘ಹುಡುಕುಸೂತ್ರ’ ಆದೀತೆ?

ಹರಿಹರದಿಂದ: ಕನ್ನಡ ಸಂಸ್ಕೃತ ಬೆರೆಸಿದ ಅರಿಸಮಾಸ. ಬೇಡ.

ಚಿತ್ರದುರ್ಗದಿಂದ: ಸುಡುಗಾಡು, ಸಿಡಿಮದ್ದುಗಳ ಜಾತಿ ಅದು, ಗಮಕ ಸಮಾಸ. ಗಮಕದಲ್ಲಿ ಅರಿದೋಷ ಎಣಿಸುವುದಿಲ್ಲ. ವ್ಯಾಕರಣ ಇನ್ನೊಮ್ಮೆ ತೆರೆಯಿರಿ.

ಹೊಳಲ್ಕೆರೆಯಿಂದ: ಜರಡಿಯ ಮಾತು ಬಂತು, ಹಾಗೇ ‘ಮೆಶ್’ಗೂ ‘ಜಾಲರಿ’ ಎಂದುಬಿಡೋಣವೇ?

ಚಿತ್ರದುರ್ಗದಿಂದ: ಬೇಡವೇ ಬೇಡ. ಅದು ‘ಮೆಡಿಕಲ್ ಸಬ್ಜೆಕ್ಟ್ ಹೆಡಿಂಗ್ಸ್’ ಎಂಬುದರ ಗಿಡ್ಡರೂಪ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ತಂದ ವಿಷಯಶೀರ್ಷಿಕೆಗಳ ಪಟ್ಟಿ. ‘ಹಾರ್ಟ್ ಅಟ್ಯಾಕ್’ ಎಂದು ಕೊಟ್ಟರೂ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಶೀರ್ಷಿಕೆಯ ಲೇಖನಗಳು ಬರುವುದು ಅದರ ದಯೆಯಿಂದ. ಮುಂದಿನ ಅಕ್ಷರ ಏನಿದ್ದರೂ ಬರಲಿ ಎಂದು ಪದದ ಬಾಲಕ್ಕೆ ನಕ್ಷತ್ರ (*) ಹಚ್ಚಿದಿರೋ, ಆ ಪದಕ್ಕೆ ಈ ದಯೆ ಇಲ್ಲ. ಹುಡುಗರಿಗೆ ಇದನ್ನು ಹೇಳಿ, ಬ್ಯಾನರಿಗಿಂತ ಇದು ಮುಖ್ಯ.

ಹರಿಹರದಿಂದ: ಸೂತ್ರ, ಶೀರ್ಷಿಕೆ, ನಕ್ಷತ್ರ. ಎಲ್ಲ ಎರವಲು. ಹೀಗಾದರೆ ಕನ್ನಡಕ್ಕೆ ಉಳಿಯುವುದೇನು, ವಿಭಕ್ತಿ ಪ್ರತ್ಯಯವೇ?

ಹೊಳಲ್ಕೆರೆಯಿಂದ: ನೀವು ಬರೆಯುವ ಕಾಗದ ಪಾರಸಿಯದು. ಜ್ವರ ಬಂದರೆ ಓಡುವ ದವಾಖಾನೆಯೂ ಆ ಕಡೆಯದೇ. ಇಂಗ್ಲಿಷಿನವರ ಕ್ವೈರಿಯೇ ಲ್ಯಾಟಿನ್ನಿನ ಸಾಲ, ಯಾರೂ ವಾಪಸು ಕೇಳಿಲ್ಲ. ಪಬ್‌ಮೆಡ್ ಎಲ್ಲರಿಗೂ ಪುಕ್ಕಟೆ ಆದದ್ದು 1997ರಲ್ಲಿ, ದಾವಣಗೆರೆ ದುರ್ಗದಿಂದ ಬೇರೆ ಮನೆ ಮಾಡಿದ ವರ್ಷ. ಅಂದಿನಿಂದ ‘ಕ್ವೈರಿ’ ಅನ್ನುತ್ತಿದ್ದೇವೆ, ನಾಲಿಗೆ ಹೊರಳುತ್ತದೆ. ಬಿಡಿ.

ಹರಿಹರದಿಂದ: ಬಿಡುವುದೇ ನಿಮ್ಮ ಕಸುಬು.

ದಾವಣಗೆರೆಯಿಂದ: ಬ್ಯಾನರ್ ಬಂತು. ನಾನು ಕೊಟ್ಟದ್ದು ‘ಹುಡುಕುಸೂತ್ರ’. ಪ್ರಿಂಟಿನವನು ‘ಹುಡುಕು ಸೂತ್ರ’ ಎಂದು ಬಿಡಿಸಿ ಹಾಕಿದ್ದಾನೆ. ಬಾಗಿಲಲ್ಲಿ ನಿಂತ ಹುಡುಗನೊಬ್ಬ ಓದಿ ಕೇಳಿದ, ‘ಯಾವ ಸೂತ್ರ ಹುಡುಕಬೇಕು ಸಾರ್?’